ಏಣಿ ಕಳೆದುಕೊಂಡ ಪೆಟ್ಟಿಗೆ

“ಮೊದಲು ಬೆಲೆ ಹೇಳಿ. ಆಮೇಲೆ ಕೇಳ್ತೀನಿ,” ಎಂದರು ಕಿವಿರಾಯರು.

“ಬೆಲೆ ಗೊತ್ತಾದ ಮೇಲೇ ನಿಮ್ಮ ಕಿವಿ ಬಾಗಿಲು ತೆಗೆಯೋದಾ ರಾಯರೇ?” ಎಂದಳು ಬೆಸುಗೆಯಕ್ಕ. “ಇವತ್ತು ಬೆಲೆ ಇಲ್ಲ. ಬಟ್ಟೆ ಮುಚ್ಚಿದ ಎರಡು ಪೆಟ್ಟಿಗೆ ಇದೆ. ಒಂದನೇದು, ಎರಡನೇದು. ಅಷ್ಟೇ.”

ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು. ಎದುರಿಗೆ ಆಳೆತ್ತರದ ಎರಡು ಸ್ಪೀಕರ್‌ಗಳು, ನಡುವೆ ಒಂದೇ ಒಂದು ಕುರ್ಚಿ. ಆ ಕುರ್ಚಿ ಕಿವಿರಾಯರದು. ಅವರು ಅದರಲ್ಲಿ ಕೂತು, ಕಣ್ಣು ಮುಚ್ಚಿ ಕೇಳಿ, ‘ಹೂಂ’ ಎಂದರೆ ಯಂತ್ರ ಮಾರಾಟವಾಗುತ್ತಿತ್ತು. ‘ಉಹೂಂ’ ಎಂದರೆ ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಹೆತ್ತವರು ಇಟ್ಟ ಹೆಸರು ಅವರಿಗೇ ಮರೆತುಹೋಗಿದ್ದರೂ ಆಶ್ಚರ್ಯವಿಲ್ಲ.

ಅಂಗಡಿಯ ಯಜಮಾನ ಬಾಗಿಲಿಗೆ ಒರಗಿ ನಿಂತಿದ್ದ. ಡಾಕ್ಟರಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕೂತಿದ್ದರು. ಮೂಲೆಯ ಸ್ಟೂಲಿನ ಮೇಲೆ ಬೆಸುಗೆಯಕ್ಕನ ತಮ್ಮ. ಆ ಅಂಗಡಿಯಲ್ಲೇ ಹನ್ನೊಂದು ವರ್ಷದಿಂದ ಯಂತ್ರಗಳನ್ನು ಬಿಚ್ಚಿ, ಅಳೆದು, ಸರಿಮಾಡುವವನು. ನಾಲ್ಕು ದಿನದಿಂದ ಅವನಿಗೆ ಕಳ್ಳನೆಂಬ ಹೆಸರು.

ಬೆಸುಗೆಯಕ್ಕ ಅವನ ಕಡೆ ನೋಡಿದಳು. ಅವನು ನೋಡಲಿಲ್ಲ. ಚಿಕ್ಕಂದಿನಲ್ಲಿ ಒಂದು ಪೆನ್ಸಿಲ್ ಕಳೆದರೂ ಊರು ಒಂದು ಮಾಡಿ ಅಳುತ್ತಿದ್ದ ಹುಡುಗ, ಈಗ ಮರ್ಯಾದೆಯೇ ಹೋಗುತ್ತಿದ್ದರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾನಲ್ಲ!

ವಿಷಯ ಇಷ್ಟು. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಹಾಡು ಇರುವುದು ಬರೀ ಅಂಕಿಗಳಾಗಿ. ಆ ಅಂಕಿಗಳನ್ನು ಸ್ಪೀಕರಿಗೆ ಅರ್ಥವಾಗುವ ಅಲೆಯಾಗಿ ಬದಲಾಯಿಸುವ ಪೆಟ್ಟಿಗೆಗೆ ಡ್ಯಾಕ್ ಎನ್ನುತ್ತಾರೆ. ಡಾಕ್ಟರಮ್ಮನ ಗಂಡ, ಎಂಟು ತಿಂಗಳ ಹಿಂದೆ ತೀರಿಕೊಂಡವರು, ಅಂಥದೊಂದನ್ನು ನಾಲ್ಕು ವರ್ಷ ಕೂತು ಕೈಯಾರೆ ಕಟ್ಟಿದ್ದರು. ನೂರಾರು ರೆಸಿಸ್ಟರ್‌ಗಳನ್ನು ಒಂದೊಂದಾಗಿ ಅಳೆದು, ಆರಿಸಿ, ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದರು. ಅಂಥದ್ದು ಜಗತ್ತಿನಲ್ಲಿ ಎರಡನೆಯದಿಲ್ಲ.

ಅದಕ್ಕೆ ಬೆಲೆ ಕಟ್ಟಿಸಲು ಡಾಕ್ಟರಮ್ಮ ಹೋದ ಮಂಗಳವಾರ ಅಂಗಡಿಗೆ ತಂದರು. ಅವತ್ತೇ ಕಿವಿರಾಯರು ಕೇಳಿ, “ಇದಕ್ಕೆ ಬೆಲೆ ಕಟ್ಟೋಕಾಗಲ್ಲ,” ಎಂದರು. ಗುರುವಾರ ತಮ್ಮ ಅದನ್ನು ಬಿಚ್ಚಿ ಧೂಳು ಹೊಡೆದ. ಶುಕ್ರವಾರ ಪೆಟ್ಟಿಗೆಯನ್ನು ಮನೆಗೆ ಒಯ್ದು ಡಾಕ್ಟರಮ್ಮ ಮುಚ್ಚಳ ತೆಗೆದರೆ, ಒಳಗೆ ಏಣಿಯೇ ಇಲ್ಲ! ಅಂಗೈಯಗಲದ ಒಂದು ಅಗ್ಗದ ಬೋರ್ಡು, ತೂಕಕ್ಕೆಂದು ಅಂಟಿಸಿದ ಕಬ್ಬಿಣದ ಬಿಲ್ಲೆ. ಮೇಲೆ ಥಳಕು, ಒಳಗೆ ಹುಳುಕು.

ಮಂಗಳವಾರ ಅಸಲಿ ಇತ್ತು, ಶುಕ್ರವಾರ ಇಲ್ಲ, ನಡುವೆ ಬಿಚ್ಚಿದವನು ಒಬ್ಬನೇ. ಲೆಕ್ಕ ಎಲ್ಲರಿಗೂ ಸುಲಭವಾಗಿ ಕಂಡಿತ್ತು.

ಬೆಸುಗೆಯಕ್ಕನಿಗೆ ಮಾತ್ರ ಸುಲಭದ ಲೆಕ್ಕ ಕಂಡರೆ ಮೈಯೆಲ್ಲ ಕೆರೆತ. ಮಂಗಳವಾರ ಅಸಲಿ ಇತ್ತು ಅಂತ ಯಾರು ಹೇಳಿದ್ದು? ಕಿವಿರಾಯರ ಕಿವಿ. ಬೇರೆ ಸಾಕ್ಷಿ? ಇಲ್ಲ. ಹಾಗಾದರೆ ಮೊದಲು ಆ ಕಿವಿಯನ್ನೇ ಕಟಕಟೆಗೆ ಹತ್ತಿಸಬೇಕು.

“ವಿಷಯ ಏನಂದ್ರೆ,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ, “ಕಳುವಾದ ಏಣಿ ಸಿಕ್ಕಿದೆ.”

“ಸಾಧ್ಯವೇ ಇಲ್ಲ!” ಎಂದ ಯಜಮಾನ.

ಮಾತು ಬಾಯಿಂದ ಜಾರಿಬಿಟ್ಟಿತ್ತು. ಎಲ್ಲರೂ ತಿರುಗಿ ನೋಡಿದರು. ಅವನು ಕರವಸ್ತ್ರ ತೆಗೆದು ಒಣಗಿದ ಹಣೆಯನ್ನು ಒರೆಸಿಕೊಂಡ.

“ಅಂದ್ರೆ... ಇಷ್ಟು ಬೇಗ ಸಿಕ್ತಾ ಅಂತ ಅಕ್ಕಾವ್ರೇ. ಖುಷಿ ವಿಷಯ ಅಲ್ವಾ?”

“ಖುಷಿನೇ,” ಎಂದಳು ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಎತ್ತಿಟ್ಟುಕೊಂಡಳು.

ತಮ್ಮನೂ ತಲೆಯೆತ್ತಿದ್ದ. ಅವನ ಮುಖದಲ್ಲಿ ಸಂತೋಷ ಕಾಣಬೇಕಿತ್ತು. ಕಂಡದ್ದು ಗಾಬರಿ. ಅದು ಅವಳಿಗೆ ಹಿಡಿಸಲಿಲ್ಲ.

“ಈ ಎರಡರಲ್ಲಿ ಒಂದು ಆ ಅಗ್ಗದ ಬೋರ್ಡು, ಇನ್ನೊಂದು ಅಸಲಿ ಏಣಿ. ಯಾವುದು ಯಾವುದು ಅಂತ ರಾಯರು ಹೇಳ್ಬೇಕು. ನಿಮಗೆ ಅದೇನು ಮಹಾ?”

“ಏನೂ ಇಲ್ಲ,” ಎಂದರು ಕಿವಿರಾಯರು. ಕುರ್ಚಿಯಲ್ಲಿ ಕೂತರು, ಕನ್ನಡಕ ತೆಗೆದರು, ಕಣ್ಣು ಮುಚ್ಚಿದರು. “ಆದ್ರೆ ಒಂದು ಮಾತು. ಕೇಳೋದನ್ನ ಮೀಟರಿನಲ್ಲಿ ಅಳೆಯೋಕಾಗಲ್ಲ ತಾಯಿ. ಅದಕ್ಕೆ ಸಂಸ್ಕಾರ ಬೇಕು.”

“ನನ್ನ ಎಡಗಿವಿ ಮಂದವಾಗಿ ಹತ್ತು ವರ್ಷ ಆಯ್ತು. ಇರೋದು ಮೀಟರೊಂದೇ ರಾಯರೇ. ನಡೀರಿ.”

ಅವಳು ಒಂದನೆಯದನ್ನು ಹಾಕಿದಳು. ಒಬ್ಬ ಹೆಂಗಸಿನ ಹಾಡು, ಹಿಂದೆ ಪಿಯಾನೋ, ಬೇರೇನಿಲ್ಲ. ಒಂದು ನಿಮಿಷ ನುಡಿಸಿ ನಿಲ್ಲಿಸಿದಳು. ಸ್ವಿಚ್ಚನ್ನು ‘ಟಕ್’ ಎಂದು ಎರಡಕ್ಕೆ ತಿರುಗಿಸಿದಳು. ಅದೇ ಕೈಯಲ್ಲಿ, ಯಾರೂ ಗಮನಿಸದಂತೆ, ಆಂಪ್ಲಿಫೈಯರಿನ ಗುಂಡಿಯನ್ನು ಒಂದೇ ಒಂದು ಗೆರೆ ಮೇಲೆ ಏರಿಸಿದಳು.

ಸಾಸಿವೆಯಷ್ಟು. ಈ ಮಾತು ಅವಳ ಗಂಡನದು. ಅವಳ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಸರಿಮಾಡಿದ ರೇಡಿಯೋವನ್ನು ಗಿರಾಕಿಗೆ ಕೊಡುವಾಗ ಅವನು ಪಿಸುಗುಡುತ್ತಿದ್ದ: “ಅವ್ರು ತಂದಾಗ ಇದ್ದದ್ದಕ್ಕಿಂತ ಒಂದು ಸಾಸಿವೆಯಷ್ಟು ಜೋರಾಗಿಡು. ಜೋರು ಅಂತ ಅವ್ರಿಗೆ ಗೊತ್ತಾಗಲ್ಲ. ಚೆನ್ನಾಗಿದೆ ಅಂತಾರೆ.” ಅಪ್ಪ ನಗುತ್ತಿದ್ದ. ಗಿರಾಕಿಗಳೂ ನಗುತ್ತಾ ಹೋಗುತ್ತಿದ್ದರು. ಆ ನಗುವಿನ ನಡುವೆಯೇ ಅಪ್ಪ ಅವಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದ್ದ.

ಪಾಪ, ಈಗ ಅವನ ಕೈ ನಡುಗುತ್ತದೆ. ರಿಪೇರಿ ಬೆಂಚು ಬಿಟ್ಟು ಮೂರು ವರ್ಷ. ಇವತ್ತು ಬೆಳಿಗ್ಗೆಯೂ ಅವನ ಅಂಗಿ ತೋಳಿನ ಗುಂಡಿ ಹಾಕಿಯೇ ಅವಳು ಮನೆ ಬಿಟ್ಟದ್ದು.

ಎರಡನೆಯದು ಮುಗಿಯಿತು. ಕಿವಿರಾಯರು ಕಣ್ಣು ತೆರೆಯಲಿಲ್ಲ. ಅವರ ಮುಖ ಅರಳಿತ್ತು.

“ಮೊದಲನೇದು ಗೋಡೆ ಆಚೆ ನಿಂತು ಹಾಡಿದ ಹಾಗಿತ್ತು. ಎರಡನೇದು... ಅಬ್ಬಬ್ಬಾ! ಆ ಹೆಂಗಸು ಒಳಗೆ ಬಂದು ಎದುರಿಗೇ ಕೂತ್ಲು. ಉಸಿರು ತಗೊಂಡಿದ್ದೂ ಕೇಳಿಸ್ತು. ಇದೇ ಏಣಿ. ಮಂಗಳವಾರ ನಾನು ಕೇಳಿದ್ದೂ ಇದನ್ನೇ.”

“ಖಂಡಿತ?”

“ಕೋರ್ಟಿನಲ್ಲಿ ಬೇಕಾದ್ರೂ ಹೇಳ್ತೀನಿ.”

“ಹಾಗಾದ್ರೆ ಬಟ್ಟೆ ತೆಗೀರಿ.”

ಅವರೇ ಎದ್ದು ಎರಡನೆಯ ಬಟ್ಟೆ ಎಳೆದರು. ಕೆಳಗೆ ಇದ್ದದ್ದು ಬಿಸ್ಕತ್ತಿನ ಖಾಲಿ ಡಬ್ಬಿ.

ಡಾಕ್ಟರಮ್ಮನ ಬಾಯಿಂದ ಒಂದು ತುಂಡು ನಗು ಹೊರಬಿತ್ತು. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡರು.

“ಸ್ವಿಚ್ಚಿಗೆ ತಂತಿಯೇ ಇಲ್ಲ,” ಎಂದಳು ಬೆಸುಗೆಯಕ್ಕ. “ಎರಡು ಸಲವೂ ಹಾಡಿದ್ದು ಡಾಕ್ಟರಮ್ಮನ ಪೆಟ್ಟಿಗೆಯಲ್ಲಿರೋ ಆ ಅಗ್ಗದ ಬೋರ್ಡೇ. ಎರಡನೇ ಸಲ ಒಂದು ಗೆರೆ ಜೋರು ಮಾಡ್ದೆ, ಅಷ್ಟೇ.”

ಕಿವಿರಾಯರು ಡಬ್ಬಿಯನ್ನು ಕೈಗೆತ್ತಿಕೊಂಡು, ಮುಚ್ಚಳ ತೆಗೆದು, ಒಳಗೆ ಇಣುಕಿದರು. ಅಲ್ಲಿ ಏನಾದರೂ ಇದ್ದೀತು ಎಂದು ಅವರಿಗೆ ಇನ್ನೂ ಆಸೆಯಿತ್ತೋ ಏನೋ.

“ಒಂದು ಗೆರೆಯಾ?” ಎಂದರು ಮೆಲ್ಲಗೆ.

“ಒಂದೇ ಗೆರೆ.”

“ನಲವತ್ತು ವರ್ಷ ತಾಯಿ...” ಎಂದು ಅವರು ತಮ್ಮ ಕುರ್ಚಿ ಬಿಟ್ಟು ಸೋಫಾದಲ್ಲಿ ಕೂತರು. ಅವರನ್ನು ಬಯಲು ಮಾಡುವಾಗ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಮುದುಕನ ಮುಖ ನೋಡಿ ಕೆಟ್ಟೆನಿಸಿತು. ಆದರೆ ತಮ್ಮನ ಕೊರಳಿಗೆ ಹಗ್ಗ ಬಿದ್ದಿರುವಾಗ ಅದನ್ನೆಲ್ಲ ನೋಡುತ್ತ ಕೂರುವ ಹಾಗಿರಲಿಲ್ಲ.

“ರಾಯರದ್ದು ತಪ್ಪಲ್ಲ,” ಎಂದಳು. “ಎಲ್ಲರ ಕಿವಿನೂ ಹಾಗೇ. ಎರಡು ಯಂತ್ರ ಹೋಲಿಸಬೇಕು ಅಂದ್ರೆ ಮೊದಲು ಎರಡರ ಜೋರನ್ನೂ ಮೀಟರಿಟ್ಟು ಸಮ ಮಾಡ್ಕೋಬೇಕು. ಇಲ್ಲಿ ಯಾರೂ ಮಾಡಲ್ಲ. ಯಾವುದು ಜೋರೋ ಅದೇ ಚೆನ್ನ. ಯಾವುದಕ್ಕೆ ಬೆಲೆ ಜಾಸ್ತಿಯೋ ಅದು ಇನ್ನೂ ಚೆನ್ನ.”

“ಇದರಿಂದ ಏನು ಸಾಬೀತಾಯ್ತು?” ಎಂದ ಯಜಮಾನ. “ರಾಯರಿಗೆ ವಯಸ್ಸಾಯ್ತು ಅಂತಷ್ಟೇ.”

“ಮಂಗಳವಾರ ಇವರು ಮೆಚ್ಚಿದ್ದೂ ಈ ಅಗ್ಗದ ಬೋರ್ಡನ್ನೇ ಇರಬಹುದು ಅಂತ ಆಯ್ತಲ್ಲ.”

“ಇರಬಹುದು! ಇರಬಹುದು ಅಂದ್ರೆ ಪೊಲೀಸರು ಕೇಳ್ತಾರಾ?”

ಅವನು ಹೇಳಿದ್ದು ಸರಿಯೇ. ಬೆಸುಗೆಯಕ್ಕ ಡಾಕ್ಟರಮ್ಮನ ಕಡೆ ತಿರುಗಿದಳು. “ಅಮ್ಮಾ, ನಿಮಗೆ ಅನುಮಾನ ಬಂದದ್ದು ಹೇಗೆ? ರಾಯರ ಕಿವಿಗೇ ಸಿಗದೇ ಇದ್ದದ್ದು ನಿಮಗೆ ಹೇಗೆ ಸಿಕ್ತು?”

“ನನಗೆ ಇದೆಲ್ಲ ಏನೂ ಗೊತ್ತಿಲ್ಲ,” ಎಂದರು ಡಾಕ್ಟರಮ್ಮ. “ಅವರು ಹೋದ ಮೇಲೆ ಅದನ್ನ ಹಾಕೋಕೆ ಧೈರ್ಯ ಬಂದಿರ್ಲಿಲ್ಲ. ಎಂಟು ತಿಂಗಳಾದ ಮೇಲೆ ಶುಕ್ರವಾರವೇ ಮೊದಲು ಹಾಕಿದ್ದು. ನಮ್ಮ ಆಂಪ್ಲಿಫೈಯರ್ ಗುಂಡಿ ಮೇಲೆ ಅವರು ಒಂದು ಚುಕ್ಕಿ ಇಟ್ಟಿದ್ರು, ‘ಇದಕ್ಕಿಂತ ಮೇಲೆ ಬೇಡ, ನಿಂಗೆ ತಲೆನೋವು ಬರುತ್ತೆ’ ಅಂತ. ಆ ಚುಕ್ಕಿಗೇ ಇಟ್ಟೆ. ಜೋರಾಯ್ತು. ಮನೆಗೆ ಬೇರೆ ಯಾರೋ ಬಂದು ಕೂತ ಹಾಗಾಯ್ತು.”

ಇಷ್ಟು ಜನ ಪಂಡಿತರ ನಡುವೆ ಸರಿಯಾಗಿ ಕೇಳಿಸಿಕೊಂಡವರು ಆ ಹೆಂಗಸೊಬ್ಬರೇ ಎಂದು ಬೆಸುಗೆಯಕ್ಕನಿಗೆ ಅನ್ನಿಸಿತು.

“ಅವರ ನೋಟ್‌ಬುಕ್ ತಂದಿದೀರಾ?”

ಡಾಕ್ಟರಮ್ಮ ಕೈಚೀಲದಿಂದ ತೆಗೆದುಕೊಟ್ಟರು. ಕೊನೆಯ ಪುಟದಲ್ಲಿ ಸಣ್ಣ ಅಚ್ಚುಕಟ್ಟು ಅಕ್ಷರ: ಔಟ್‌ಪುಟ್ ಎರಡು ವೋಲ್ಟ್, ಸರಿಯಾಗಿ ಎರಡು.

ಬೆಸುಗೆಯಕ್ಕ ಪೆಟ್ಟಿಗೆಯನ್ನು ಎತ್ತಿ, ಎಲ್ಲರೆದುರು ಬೋರಲು ಹಾಕಿದಳು.

ನಾಲ್ಕು ದಿನದಿಂದ ಎಲ್ಲರೂ ಆ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರು, ಒಳಗೆ ನೋಡಿದ್ದರು, ಹಾಡು ಕೇಳಿದ್ದರು. ಅಡಿ ನೋಡಿದವರಿಲ್ಲ. ಅಲ್ಲಿ, ಒಂದು ರಬ್ಬರ್ ಕಾಲಿನ ಪಕ್ಕದಲ್ಲಿ, ಎರಡು ಬೆರಳಗಲದ ಒಂದು ಕಾಗದದ ಟೇಪು. ಅದರ ಮೇಲೆ ತಾರೀಖು, ಒಂದು ಅಂಕಿ. ಅರ್ಧ ಟೇಪಿನ ಮೇಲೆ, ಅರ್ಧ ಪೆಟ್ಟಿಗೆಯ ಮೇಲೆ ಬೀಳುವಂತೆ ಹಾಕಿದ ಒಂದು ಸಹಿ.

“ಇದು ನಮ್ಮಪ್ಪನ ಪದ್ಧತಿ,” ಎಂದಳು. “ಗಿರಾಕಿಯ ಮಾಲು ಬಂದ ಕೂಡಲೇ, ಬಿಚ್ಚೋ ಮುಂಚೆ ಅಳೆದು, ಅಡಿಗೆ ಬರೆದಂಟಿಸಿ, ಅವರ ಕೈಲೇ ಸಹಿ ಹಾಕಿಸ್ಬೇಕು. ಈ ಅಂಗಡಿಯಲ್ಲಿ ಟೇಪು ಅಂಟಿಸಬಾರದು ಅಂತ ಯಜಮಾನರ ಕಟ್ಟಪ್ಪಣೆ ಇದೆ, ಅಂಟಿನ ಕಲೆ ಉಳಿಯುತ್ತಂತೆ. ಆದ್ರೂ ನನ್ನ ತಮ್ಮನ ಹುಟ್ಟುಗುಣ ಬಿಡ್ತದಾ? ಡಾಕ್ಟರಮ್ಮಾ, ಈ ಸಹಿ ಯಾರದ್ದು?”

“ನನ್ನದೇ. ಮಂಗಳವಾರ ಕೌಂಟರಿನಲ್ಲಿ ಹಾಕಿಸಿಕೊಂಡ್ರು. ರಸೀದಿ ಅಂದ್ಕೊಂಡಿದ್ದೆ.”

“ಅಂಕಿ ಓದಿ.”

“ಎರಡು ಪಾಯಿಂಟ್ ಎರಡು ಐದು.”

“ಎರಡೂಕಾಲು ವೋಲ್ಟ್! ವೋಲ್ಟ್ ಹೆಚ್ಚಾದಷ್ಟೂ ಹಾಡು ಜೋರು. ನಿಮ್ಮ ಮನೆಯವರು ಕಟ್ಟಿದ್ದು ಎರಡಕ್ಕೆ. ಈಗ ಅಳೆದ್ರೂ ಎರಡೂಕಾಲೇ ಬರುತ್ತೆ, ಬೆಳಿಗ್ಗೆ ನಾನೇ ಅಳೆದೆ. ಅಂದ್ರೆ ಮಂಗಳವಾರ ನೀವು ಈ ಬಾಗಿಲು ದಾಟಿ ಒಳಗೆ ಬಂದಾಗಲೇ ಪೆಟ್ಟಿಗೆಯಲ್ಲಿ ಏಣಿ ಇರ್ಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

ಅವಳು ತಮ್ಮನ ಕಡೆ ನೋಡಿದಳು. ಈಗಲಾದರೂ ಎದ್ದು ಬಂದು ‘ಅಕ್ಕಾ’ ಅನ್ನುತ್ತಾನೆ ಎಂದುಕೊಂಡಳು. ಅವನು ಉಗುರು ಕಡಿಯುತ್ತ ನೆಲ ನೋಡುತ್ತಿದ್ದ.

ಯಜಮಾನ ಕೆಮ್ಮಿದ. ಈಗ ಅವನ ದನಿಯಲ್ಲಿ ನಡುಕವಿರಲಿಲ್ಲ.

“ಸರಿ, ಒಪ್ಪಿದೆ. ಅಂಗಡಿಗೆ ಬರೋ ಮುಂಚೆನೇ ಬದಲಾಗಿತ್ತು. ಹಾಗಾದ್ರೆ ಡಾಕ್ಟರಮ್ಮನ ಮನೆಯಲ್ಲೇ ಬದಲಾಗಿರ್ಬೇಕು. ಅಲ್ಲಿಗೆ ಹೋದೋರು ಯಾರು ಅಕ್ಕಾವ್ರೇ? ತಿಂಗಳ ಹಿಂದೆ ಸ್ಪೀಕರ್ ತಂತಿ ಬದಲಾಯಿಸೋಕೆ ನಾನು ಕಳಿಸಿದ್ದು ನಿಮ್ಮ ತಮ್ಮನ್ನೇ.”

ಬೆಸುಗೆಯಕ್ಕನಿಗೆ ಇದು ಗೊತ್ತಿರಲಿಲ್ಲ.

“ಹೌದು,” ಎಂದರು ಡಾಕ್ಟರಮ್ಮ. “ನಾನು ಕೀ ಕೊಟ್ಟು ಆಸ್ಪತ್ರೆಗೆ ಹೋಗಿದ್ದೆ. ಇಡೀ ದಿನ ಕೆಲಸ ಮಾಡಿದಾರೆ.”

“ಲೋ, ಹೌದೇನೋ?”

ತಮ್ಮ ತಲೆಯಾಡಿಸಿದ.

“ಒಬ್ಬನೇ ಹೋಗಿದ್ಯಾ?”

“ಒಬ್ಬನೇ,” ಎಂದ. ಸ್ವಲ್ಪ ಹೆಚ್ಚೇ ಬೇಗ ಹೇಳಿದ.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. “ಒಬ್ಬರೇನಾ? ಸಂಜೆ ನಾನು ಬಂದಾಗ ಸಿಂಕಿನಲ್ಲಿ ಟೀ ಲೋಟ ಎರಡಿತ್ತಲ್ಲ.”

“ಎರಡು ಸಲ ಕುಡಿದೆ,” ಎಂದ ತಮ್ಮ.

“ಎರಡು ಸಲ ಕುಡಿದ್ರೆ ಲೋಟ ಎರಡು ಯಾಕೋ ಆಗುತ್ತೆ?” ಅವಳಿಗೆ ತಡೆಯಲಾಗಲಿಲ್ಲ. “ನಮ್ಮನೇಲಿ ನಿಂಗೆ ಒಂದೇ ಲೋಟದಲ್ಲಿ ಅಲ್ವೇನೋ ಕೊಡ್ತಿದ್ದದ್ದು, ತೊಳೆಯೋಕೆ ಸೋಮಾರಿ ಅಂತ!”

ಅವನು ಮತ್ತೆ ಉಗುರು ಕಡಿಯತೊಡಗಿದ. ಅವಳಿಗೆ ಎದ್ದು ಎರಡು ಬಾರಿಸೋಣ ಅನ್ನಿಸಿತು. ಯಾರನ್ನು ಕರೆದುಕೊಂಡು ಹೋಗಿದ್ದ? ಯಾರನ್ನು ಕಾಯುತ್ತಿದ್ದಾನೆ? ಅಥವಾ, ಈ ಯೋಚನೆ ಬಂದಾಗ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು, ಅಥವಾ ಇವನೇ...?

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ಬೋರ್ಡಿನ ಮೇಲೆ ಬೆರಳಿಟ್ಟಳು. “ಇಲ್ಲಿ ನೋಡಿ. ಕಾರ್ಖಾನೆ ಹಾಕಿದ ರೆಸಿಸ್ಟರಿನ ಬೆನ್ನ ಮೇಲೆ ಇನ್ನೊಂದು ಪುಟ್ಟ ರೆಸಿಸ್ಟರ್ ಕೂರಿಸಿದಾರೆ, ಉಪ್ಪುಮೂಟೆ ಹೊತ್ತ ಹಾಗೆ. ಇದು ಕೈಯಲ್ಲಿ ಮಾಡಿದ್ದು. ಜೋರು ಹೆಚ್ಚಿಸೋಕೆ. ಕೇಳೋರಿಗೆ ಚೆನ್ನಾಗಿದೆ ಅನ್ನಿಸ್ಲಿ, ಅನುಮಾನ ಬರದೇ ಇರ್ಲಿ ಅಂತ. ಕದ್ದೋನು ದಡ್ಡ ಅಲ್ಲ, ಕಸಬು ಬಲ್ಲೋನು.”

“ಕಸಬು ಬಲ್ಲೋರು ಇಲ್ಲೇ ಒಬ್ಬರು ಕೂತಿದಾರಲ್ಲ,” ಎಂದ ಯಜಮಾನ.

“ಕೂತಿದಾನೆ. ಅದಕ್ಕೇ ಹೇಳ್ತಿದೀನಿ. ನಮ್ಮಪ್ಪ ಒಂದು ಮಾತು ಹೇಳ್ತಿದ್ದ: ಸಹಿ ಬದಲಾಯಿಸಬಹುದು, ಬೆಸುಗೆ ಬದಲಾಯಿಸೋಕಾಗಲ್ಲ. ಒಬ್ಬೊಬ್ಬರ ಕೈ ಒಂದೊಂದು ಥರ. ಬೆಸೆಯೋ ಸೀಸ ಎಷ್ಟು ಹಿಡಿಯುತ್ತೆ, ರೆಸಿಸ್ಟರಿನ ತಂತಿಗಾಲು ಎಷ್ಟು ಬಗ್ಗಿಸ್ತಾರೆ, ಎಲ್ಲಿ ಕತ್ತರಿಸ್ತಾರೆ. ಮೂವತ್ತೈದು ವರ್ಷ ಬೇರೆಯವರ ಬೆಸುಗೆ ಬಿಚ್ಚಿದೀನಿ ನಾನು. ಇದನ್ನ ಮನೆಗೆ ಒಯ್ದು ಭೂತಗನ್ನಡಿ ಕೆಳಗಿಟ್ಟರೆ, ಇದು ಯಾರ ಕೈ ಅಂತ ಹೇಳ್ತೀನಿ. ತಮ್ಮನದ್ದಾದ್ರೆ ತಮ್ಮನದ್ದು ಅಂತಲೇ ಹೇಳ್ತೀನಿ. ಅಪ್ಪನ ಆಣೆ.”

“ಅಕ್ಕಾ, ಬೇಡ.”

ನಾಲ್ಕು ದಿನದಲ್ಲಿ ಅವನಾಗಿ ಆಡಿದ ಮೊದಲ ಮಾತು ಅದು. ಅವನು ಎದ್ದು ನಿಂತಿದ್ದ.

“ಯಾಕೋ ಬೇಡ?”

“ದೂರು ಕೊಡೋದಾದ್ರೆ ಕೊಡ್ಲಿ ಬಿಡು. ನೀನು ಅದನ್ನ ನೋಡ್ಬೇಡ.”

ಯಜಮಾನ ಎರಡೂ ಕೈ ಚಾಚಿ ತೋರಿಸಿದ: ಇನ್ನೇನು ಬೇಕು ಎಂಬಂತೆ.

ಡಾಕ್ಟರಮ್ಮ ಎದ್ದರು. “ತಗೊಂಡು ಹೋಗಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲೇ ಸೇರೋಣ. ನನಗೆ ಆ ಪೆಟ್ಟಿಗೆಯ ಬೆಲೆ ಬೇಕಿಲ್ಲಮ್ಮ, ಅವರ ನಾಲ್ಕು ವರ್ಷ ಬೇಕು. ನೀವು ಹೆಸರು ಹೇಳಿದ್ರೆ ಆ ಹೆಸರು. ಇಲ್ಲ ಅಂದ್ರೆ, ನನ್ನ ಕೈಲಿರೋದು ನಿಮ್ಮ ತಮ್ಮನ ಹೆಸರೊಂದೇ.”

ರಿಪೇರಿ ಮಾಡುವವನಿಗೆ ಕಳ್ಳಗೈ ಎಂದು ಒಮ್ಮೆ ಹೆಸರು ಬಂದರೆ ಮುಗಿಯಿತು. ಜೈಲಿನಿಂದ ಹೊರಬಂದರೂ ಯಾರೂ ಅವನ ಕೈಗೆ ಒಂದು ಟಾರ್ಚನ್ನೂ ಕೊಡುವುದಿಲ್ಲ. ಬೆಸುಗೆಯಕ್ಕ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

*

ಮನೆ ಸೇರಿದಾಗ ಇನ್ನೂ ನಾಲ್ಕು ಗಂಟೆ. ಮುಂದಿನ ಕೋಣೆಯೇ ಅವಳ ರಿಪೇರಿ ಕೋಣೆ. ಅಪ್ಪನ ಕಾಲದ ಉದ್ದನೆಯ ಬೆಂಚು. ಬಲತುದಿಯಲ್ಲಿ ಅವಳ ಸಾಮಾನು: ಭೂತಗನ್ನಡಿ, ದೀಪ, ಬಂದ್ ಮಾಡಿಟ್ಟ ಅಳತೆಯಂತ್ರದ ಕಪ್ಪು ಪರದೆ. ಎಡತುದಿ ಗಂಡನದು. ಮೊದಲ ದಿನವೇ ಅಪ್ಪ ಅವನನ್ನು ಅಲ್ಲಿ ಕೂರಿಸಿದ್ದ, ಕೆಲಸ ಮಾಡುವಾಗ ಅವನ ಮೊಣಕೈ ಪಕ್ಕದವರಿಗೆ ತಾಗದಿರಲಿ ಎಂದು. ಈಗ ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದೆ.

“ಬಂದ್ಯೇನೇ?” ಎಂದು ಅಡುಗೆಮನೆಯಿಂದ ಗಂಡನ ದನಿ. “ಟೀ ಇಡ್ತೀನಿ ಇರು.”

“ನೀವ್ಯಾಕ್ರೀ? ಚೆಲ್ಕೋತೀರಾ. ನಾನು ಬರ್ತೀನಿ.”

“ಅರ್ಧ ಲೋಟ ತಾನೇ! ಅಷ್ಟಾದ್ರೂ ಮಾಡ್ತೀನಿ ಬಿಡು.”

ಅವಳು ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟಳು. ನೋಡಲು ಭಯವಾಯಿತು. ಅಪ್ಪನ ಆಣೆ ಹಾಕಿ ಬಂದಿದ್ದಾಳೆ, ನೋಡದೆ ವಿಧಿಯಿಲ್ಲ. ದೀಪ ಬಗ್ಗಿಸಿದಳು.

ಬೆನ್ನ ಮೇಲಿನ ಆ ಪುಟ್ಟ ರೆಸಿಸ್ಟರ್ ದೊಡ್ಡದಾಗಿ ಕಂಡಿತು. ಎಲ್ಲರೂ ಹಾಗೇ ತಾಗಿಸಿ ಸೀಸ ಬಿಡುತ್ತಾರೆ. ಇಲ್ಲಿ ಹಾಗಿರಲಿಲ್ಲ. ಅದರ ಕಾಲುಗಳನ್ನು ಕೆಳಗಿನ ರೆಸಿಸ್ಟರಿನ ಕಾಲುಗಳಿಗೆ ಸುತ್ತಿ, ಆಮೇಲೆ ಬೆಸೆದಿದ್ದರು. ಸುತ್ತು ಎಣಿಸಿದಳು. ಒಂದು. ಒಂದೂವರೆ.

ಒಂದೂವರೆ ಸುತ್ತು!

“ಒಂದು ಸುತ್ತು ಸಡಿಲ, ಎರಡು ಸುತ್ತು ಗೊಡವೆ, ಒಂದೂವರೆ ಸುತ್ತಿ ಬೆಸೆದ್ರೆ ನಾನು ಸತ್ತರೂ ಬಿಡಲ್ಲ,” ಎನ್ನುತ್ತಿದ್ದ ಅಪ್ಪ. ಈ ಬೆಂಚಿನಲ್ಲಿ ಕಲಿತವರಲ್ಲದೆ ಬೇರೆ ಯಾರೂ ಹೀಗೆ ಮಾಡಿದ್ದನ್ನು ಅವಳು ಮೂವತ್ತೈದು ವರ್ಷದಲ್ಲಿ ಕಂಡಿಲ್ಲ.

ಅಯ್ಯೋ, ತಮ್ಮಾ!

ಕಣ್ಣು ತುಂಬಿಕೊಂಡವು. ಭೂತಗನ್ನಡಿ ಮಂಜಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ನೋಡಿದಳು. ಯಾಕೆ ನೋಡಿದಳೋ, ಸುಳ್ಳಾಗಿರಲಿ ಎಂದೇ ಇರಬೇಕು.

ಆಗ ಕಂಡಿತು. ಸುತ್ತು ತಿರುಗಿದ ದಿಕ್ಕು ಬೇರೆ.

ಡ್ರಾಯರಿನಿಂದ ತಮ್ಮ ಹಿಂದೆಂದೋ ಮಾಡಿಟ್ಟ ಒಂದು ಬೋರ್ಡು ತೆಗೆದು ಪಕ್ಕದಲ್ಲಿಟ್ಟಳು. ಅವನ ಸುತ್ತು ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಅವಳದ್ದೂ ಹಾಗೇ. ಇದು ತಿರುಗಾಮುರುಗಾ. ಒಂದು ಕಾಲಿನದಷ್ಟೇ ಅಲ್ಲ, ಎರಡು ಕಾಲಿನ ಸುತ್ತೂ ಹಾಗೇ.

ತಮ್ಮನಲ್ಲ! ಬಾಯಿ ತಾನಾಗಿ ನಕ್ಕಿತು. ಈಗಲೇ ಫೋನ್ ಮಾಡಿ, “ಲೋ ಕತ್ತೆ, ನೀನಲ್ಲ ಕಣೋ,” ಎಂದು ಬೈಯಬೇಕು ಅನ್ನಿಸಿತು. ಫೋನಿಗೆ ಕೈ ಚಾಚಿದಳು.

ಚಾಚಿದ ಕೈ ಬೆಂಚಿನ ಮೇಲೇ ನಿಂತಿತು. ಬೆಂಚಿನ ಎಡತುದಿಯಲ್ಲಿ, ಬೆಡ್‌ಶೀಟಿನ ಕೆಳಗಿನಿಂದ ಬೆಸುಗೆ ಹಾಕುವ ಸಾಲ್ಡರ್ ಕಡ್ಡಿಯ ಸ್ಟ್ಯಾಂಡು ಸ್ವಲ್ಪ ಹೊರಗೆ ಕಾಣುತ್ತಿತ್ತು. ಎಡಗೈಗೆ ಸಿಗುವಂತೆ ಎಡಗಡೆ ಇಟ್ಟ ಸ್ಟ್ಯಾಂಡು.

ಎಡಗೈಯವರು ಸುತ್ತಿದರೆ ಸುತ್ತು ಹೀಗೇ ಬೀಳುತ್ತದೆ. ಅಪ್ಪ ಎಷ್ಟು ಬೈದರೂ ಗಂಡನಿಗೆ ಅದನ್ನು ತಿದ್ದಿಕೊಳ್ಳಲಾಗಿರಲಿಲ್ಲ.

ಆಗ ಎಲ್ಲವೂ ಒಂದರ ಹಿಂದೊಂದು ಬಂದು ಎದುರು ನಿಂತವು. ಸಾಸಿವೆಯಷ್ಟು ಜೋರು. ಸಿಂಕಿನಲ್ಲಿ ಎರಡು ಲೋಟ. ಏಣಿ ಎಲ್ಲಿದೆಯೆಂದು ಗೊತ್ತಿದ್ದವನಂತೆ ಯಜಮಾನ ಅಂದ “ಸಾಧ್ಯವೇ ಇಲ್ಲ!” “ಅಕ್ಕಾ, ನೀನು ಅದನ್ನ ನೋಡ್ಬೇಡ.” ಪಾಪಿ ಹುಡುಗ, ಅವನು ಕಾಯುತ್ತಿದ್ದದ್ದು ಅಕ್ಕನ ಸಂಸಾರವನ್ನು.

ಇಲ್ಲ, ಇಲ್ಲ. ಸಾಧ್ಯವಿಲ್ಲ. ಇಷ್ಟು ನುಣುಪಾದ ಬೆಸುಗೆ ನಡುಗುವ ಕೈಯಿಂದ ಆಗುವುದಿಲ್ಲ. ತನ್ನ ಗುಂಡಿಯನ್ನೇ ಹಾಕಿಕೊಳ್ಳಲಾರದ ಮನುಷ್ಯ ಅವನು! ಅವಳು ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇರೆ ಯಾವುದೂ ಉಳಿದಿರಲಿಲ್ಲ.

ಹಿಂದೆ ನಡುಮನೆಯಲ್ಲಿ ಹೆಜ್ಜೆಯ ಸದ್ದಾಯಿತು. ಅವಳು ತಿರುಗಲಿಲ್ಲ. ಎದುರಿಗಿದ್ದ ಅಳತೆಯಂತ್ರದ ಕಪ್ಪು ಪರದೆಯಲ್ಲಿ ನಡುಮನೆ ಪೂರ್ತಿ ಕಾಣುತ್ತಿತ್ತು.

ಗಂಡ ಬರುತ್ತಿದ್ದ. ಎಡಗೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಲೋಟ. ಅರ್ಧ ಲೋಟವಲ್ಲ, ಕಂಠಮಟ್ಟ ತುಂಬಿದ ಲೋಟ. ಒಂದು ಹನಿ ಅಲುಗಲಿಲ್ಲ. ಕಲ್ಲಿನ ಮೇಲಿಟ್ಟ ಹಾಗೆ ತಂದ.

ಬಾಗಿಲ ಬಳಿ ನಿಂತ. ಅವಳ ಬೆನ್ನನ್ನು ಒಮ್ಮೆ ನೋಡಿದ. ಉಸಿರು ಎಳೆದುಕೊಂಡ.

ಆಮೇಲೆ ಅವನ ಕೈ ನಡುಗತೊಡಗಿತು. ಲೋಟ ತಟ್ಟೆಯ ಮೇಲೆ ಕಟಕಟ ಎಂದಿತು, ಟೀ ಚೆಲ್ಲಿ ತಟ್ಟೆ ತುಂಬಿತು.

“ನೋಡು, ಅರ್ಧ ಚೆಲ್ಲಿಬಿಟ್ಟೆ,” ಎನ್ನುತ್ತ ಒಳಗೆ ಬಂದ.

ಅವಳು ಬೋರ್ಡಿನ ಮೇಲೆ ಬಟ್ಟೆ ಎಳೆದಳು. ಮೂರು ವರ್ಷ. ದಿನಕ್ಕೆ ಎರಡು ತೋಳು, ಎರಡು ಗುಂಡಿ. ಎಷ್ಟು ಬೆಳಿಗ್ಗೆ ಅವನ ಕೈ ಹಿಡಿದುಕೊಂಡು ಒಳಗೊಳಗೇ ಅತ್ತಿದ್ದಾಳೆ!

“ಏನಾದ್ರೂ ಕಂಡಿತೇನೇ?”

“ಇಲ್ಲಾರೀ. ಬೆಳಕು ಸಾಲದು. ಬೆಳಿಗ್ಗೆ ನೋಡ್ತೀನಿ.”

ಕಿಟಕಿಯಿಂದ ನಾಲ್ಕು ಗಂಟೆಯ ಬಿಸಿಲು ಬೆಂಚಿನ ತುಂಬ ಬಿದ್ದಿತ್ತು. ಅವನು ಬಿಸಿಲನ್ನು ನೋಡಿದ, ಬಟ್ಟೆಯನ್ನು ನೋಡಿದ, ಪಕ್ಕದಲ್ಲಿ ಮುಚ್ಚದೇ ಉಳಿದಿದ್ದ ತಮ್ಮನ ಹಳೆಯ ಬೋರ್ಡನ್ನೂ ನೋಡಿದ. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಎಡಗೈ ಮುಂದೆ ಚಾಚಿದ.

“ಗುಂಡಿ ಬಿಚ್ಕೊಂಡಿದೆ. ಹಾಕ್ತೀಯಾ?”

ಅವಳು ಅವನ ತೋಳು ಹಿಡಿದಳು. ಗುಂಡಿ ತೂತಿಗೆ ಸೇರಲಿಲ್ಲ. ಮತ್ತೆ ಹಾಕಿದಳು, ಜಾರಿತು. ಮೂರನೆಯ ಸಲವೂ ಜಾರಿತು.

“ಅರೆ,” ಎಂದ ಅವನು, ಅವಳ ಬೆರಳುಗಳನ್ನೇ ನೋಡುತ್ತ, ತುಂಬ ಮೃದುವಾಗಿ. “ಈಗ ನಿನ್ನ ಕೈ ಯಾಕೆ ನಡುಗ್ತಿದೆ?”